ಪಂಪಾಪತಿ ಅಜ್ಜಿಗುಂಡು ಹತ್ತಿದ್ದು

ಕೇಳುವವರು ನೆಟ್ಟಗೆ ಕೂತುಕೊಳ್ಳಿ, ನಡುವೆ ಎದ್ದು ಹೋಗುವವರು ಈಗಲೇ ಹೋಗಿ. ಒಂದು ಊರು. ಆ ಊರಿನಲ್ಲಿ ಹುಲಿಗೆಮ್ಮ ಅಂತ ಒಬ್ಬ ತಾಯಿ. ಅವಳಿಗೆ ಪಂಪಾಪತಿ ಅಂತ ಒಬ್ಬನೇ ಮಗ. ಮಗನ ವಯಸ್ಸು ಇಪ್ಪತ್ತಮೂರು, ತೋಳಿನ ಬಲ ಇಬ್ಬರದು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಸುಳ್ಳು ಹೇಳುವವನಲ್ಲ, ಸೋಮಾರಿಯೂ ಅಲ್ಲ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಅವನದು ಒಂದೇ ತೊಂದರೆ: ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಮದುವೆ ಮನೆಯಲ್ಲಿ, "ಬೀಗರು ಸಾಕು ಅಂದ್ರೂ ಬಿಡಬ್ಯಾಡ, ಬಡಿಸು" ಅಂದರು. ಬಡಿಸಿದ. ಬೀಗರು ಸಾಕು ಅಂದರು, ಬಡಿಸಿದ. ಎಲೆ ಮುಚ್ಚಿ ಎದ್ದು ಓಡಿದರು, ಹಿಂದೆಯೇ ಓಡಿ ಬೆನ್ನ ಮೇಲೂ ಸಾರು ಬಡಿಸಿದ! ಹೀಗಾಗಿ ಅವನನ್ನು ಒಮ್ಮೆ ಕರೆದವರು ಎರಡನೆಯ ಸಲ ಕರೆದದ್ದೇ ಇಲ್ಲ.

"ಶಿವನೇ, ನನ್ನ ಮಗನನ್ನ ಎರಡನೇ ಸಲ ಕರೆಯೋ ಒಬ್ಬ ಮನುಷ್ಯನನ್ನ ತೋರಿಸಪ್ಪಾ" ಎಂದು ಹುಲಿಗೆಮ್ಮ ದಿನಾ ದೀಪ ಹಚ್ಚುವಾಗ ಬೇಡುತ್ತಿದ್ದಳು.

ಒಂದು ದಿನ ಮಕ್ಕಳ ಗಾಳಿಪಟ ನೀರಿನ ಟ್ಯಾಂಕಿನ ತುದಿಗೆ ಸಿಕ್ಕಿಕೊಂಡಿತು. ಪಂಪಾಪತಿ ಕಂಬ ತಬ್ಬಿ ಸರಸರ ಹತ್ತಿ ಬಿಡಿಸಿಕೊಟ್ಟ. ಹೈಸ್ಕೂಲಿನ ಡ್ರಿಲ್ ಮಾಸ್ತರ ಅಮರೇಶ ಅದನ್ನು ಕಂಡ. ಅಮರೇಶನಿಗೆ ಬಂಡೆ ಹತ್ತುವ ಹುಚ್ಚು. ಅವನ ಜೊತೆಗೆ ಇಬ್ಬರು ಗೆಳೆಯರು: ಜೀಪು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಮೈಬೂಬ್, ಬ್ಯಾಂಕಿನಲ್ಲಿ ಕೆಲಸ ಮಾಡುವ ರೇಣುಕಾ.

"ಏನಲೇ ಪಂಪಾ, ಉಡದ ಹಾಗೆ ಹತ್ತತೀಯಲ್ಲಲೇ! ಶನಿವಾರ, ಭಾನುವಾರ ಉರಿಗಲ್ಲಿಗೆ ಹೊಂಟೀವಿ. ನೀನೂ ಬಾ. ಸರಿಹೋದ್ರೆ ಪ್ರತಿ ಶನಿವಾರ ನಮ್ಮ ಜೊತೆ. ಸರಿಹೋಗಲಿಲ್ಲ ಅಂದ್ರೆ ಇದೇ ಮೊದಲು, ಇದೇ ಕೊನೆ."

ಹುಲಿಗೆಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಒಂದು ಗೊನೆ ಬಾಳೆಹಣ್ಣು ಕಟ್ಟಿದಳು. ಜೀಪು ಬಂದು ನಿಂತಾಗ ಮಗನ ಗಲ್ಲ ಹಿಡಿದು ಹೇಳಿದಳು: "ನೋಡಪ್ಪಾ, ಅದು ಬೆಂಗಾಡು. ಅಲ್ಲಿ ನೀರಂದ್ರೆ ಪ್ರಾಣ. ಬಾಯಾರಿದವರಿಗೆ ಮೊದಲು ಕೊಡು. ಎಲ್ಲರೂ ಕುಡಿದ ಮೇಲೆ ನೀನು ಕುಡಿ. ಅವರು ಮತ್ತೆ ಕರೆಯೋ ಹಾಗೆ ನಡ್ಕೋ!"

"ಆಯ್ತಮ್ಮಾ! ಹೇಳಿದ ಹಾಗೇ ಮಾಡ್ತೀನಿ!"

ಜೀಪು ಹೊರಟಿತು. ಹೊಲ ಮುಗಿಯಿತು, ಮರ ಮುಗಿಯಿತು, ನೆರಳೂ ಮುಗಿಯಿತು. ಆಮೇಲೆ ಬರೀ ಕೆಂಪು ಮರಳು, ಜಾಲಿಮುಳ್ಳು, ಆನೆಯಷ್ಟು, ಅರಮನೆಯಷ್ಟು ದೊಡ್ಡ ಬಂಡೆಗುಂಡುಗಳು. ಅಲ್ಲಿಗೆ ಸರಿಯಾಗಿ ಜೀಪಿನ ಟೈರು ಪಂಕ್ಚರ್! ಮೂವರೂ ಜೀಪಿನ ಕೆಳಗೆ ಬಗ್ಗಿದರು. ಪಂಪಾಪತಿ ನೀರಿನ ಕ್ಯಾನು ಹಿಡಿದು ರಸ್ತೆಯ ಬದಿಗೆ ನಿಂತ.

ಒಂದು ಕುರಿಮಂದೆ ಬಂತು. ಕುರಿಗಳು ನಾಲಿಗೆ ಚಾಚಿಕೊಂಡು ಬಂದವು. ಬಾಯಾರಿದವರಲ್ಲವೇ? ಪಂಪಾಪತಿ ಬೋಗುಣಿಗೆ ನೀರು ಸುರಿದ. ಒಂದು ಕುರಿ ಕುಡಿಯಿತು. ಎರಡು ಕುಡಿದವು. ನಲವತ್ತು ಕುಡಿದವು. ಟಗರೂ ಕುಡಿಯಿತು, ನಾಯಿಯೂ ಕುಡಿಯಿತು.

ಅಮರೇಶ ಟೈರು ಬಿಗಿದು, ಬೆವರು ಒರೆಸಿಕೊಂಡು ಬಂದ. "ನೀರು ಕೊಡಲೇ ಪಂಪಾ!"

ಪಂಪಾಪತಿ ಕ್ಯಾನನ್ನು ತಲೆಕೆಳಗು ಮಾಡಿ ತೋರಿಸಿದ. "ಎಲ್ಲರೂ ಕುಡಿದ್ರು ಅಣ್ಣಾ! ನಾನೇ ಇನ್ನೂ ಕುಡಿದಿಲ್ಲ!"

"ಅಯ್ಯೋ ನಿನ್ನ! ಇಡೀ ಕ್ಯಾನು ಕುರಿಗೆ ಕುಡಿಸಿದೇನಲೇ! ನಮ್ಮ ಸಾಮಾನು ಯಾರಿಗೂ ಕೊಡಬಾರದು! ಅದರ ಮೇಲೆ ಕೂತು ಕಾಯಬೇಕು! ಯಾರು ಬಂದ್ರೂ ಏಳಬಾರದು! ತಿಳೀತಾ?"

"ತಿಳೀತಣ್ಣಾ! ಹೇಳಿದ ಹಾಗೇ ಮಾಡ್ತೀನಿ!"

ಉರಿಗಲ್ಲು ಹಳ್ಳಿ ಬಂತು. ಹಳ್ಳಿಯ ಆಚೆಗೆ, ಮರಳಿನ ನಡುವೆ, ಒಂಟಿಯಾಗಿ ಅಜ್ಜಿಗುಂಡು. ಸೆರಗು ಹೊದ್ದು ಕೂತ ಮುದುಕಿಯ ಹಾಗೆ ಇತ್ತು ಆ ಬಂಡೆ. ಕೆಳಗೆ ಮಡಿಲು, ನಡುವೆ ಚಾಚಿದ ಮೂಗು, ಮೇಲೆ ಬೋಳುತಲೆ. ಗೆಳೆಯರು ಗುಡಾರ ಹಾಕಿ, ಹಳ್ಳಿಗೆ ಹೋಗಿ ನೀರು ತಂದರು. ಹಸಿದು ಹಸಿದು ಹಿಂದಿರುಗಿದರು.

ನೋಡಿದರೆ ಪಂಪಾಪತಿ ಬುತ್ತಿಯ ಚೀಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದಾನೆ!

"ಏಳಪ್ಪಾ, ಊಟ ಮಾಡೋಣ" ಅಂದಳು ರೇಣುಕಾ.

"ಇಲ್ಲಕ್ಕಾ. ಯಾರು ಬಂದ್ರೂ ಏಳಬಾರದು."

"ನಾವು ಕಣಲೇ!" ಅಂದ ಮೈಬೂಬ್.

"ಯಾರು ಬಂದ್ರೂ ಅಂದ್ರೆ ಯಾರು ಬಂದ್ರೂ ಮೈಬೂಬಣ್ಣಾ!"

ಒಬ್ಬ ಒಂದು ಕೈ ಹಿಡಿದ, ಒಬ್ಬ ಇನ್ನೊಂದು ಕೈ ಹಿಡಿದ, ರೇಣುಕಾ ಚೀಲ ಹಿಡಿದಳು. ಮೂವರೂ ಎಳೆದರು. ಅವನು ಕದಲಲಿಲ್ಲ. ಕೊನೆಗೆ ಚೀಲವೇ ಹರಿಯಿತು. ರೊಟ್ಟಿ ಪುಡಿ, ಬಾಳೆಹಣ್ಣು ಪಾಯಸ! ಮೂಲೆಗೆ ಸರಿದಿದ್ದ ಒಂದೇ ಒಂದು ಹಣ್ಣು ಉಳಿದಿತ್ತು, ಅದನ್ನು ಮೈಬೂಬ್ ಎತ್ತಿಕೊಂಡ.

"ಏನು ಮನುಷ್ಯನಪ್ಪಾ ನೀನು!" ರೇಣುಕಾ ರೇಗಿದಳು. "ಒಬ್ಬರು ಎಳೆದ್ರೆ ಹೀಗೆ ಜಗ್ಗಾಡ್ತಾರೇನು? ಎಳೆದ ಕೂಡ್ಲೇ ಕೈ ಬಿಟ್ಟುಬಿಡಬೇಕು!"

"ಹೌದಲ್ವಾ ಅಕ್ಕಾ! ಹೇಳಿದ ಹಾಗೇ ಮಾಡ್ತೀನಿ!"

ಬಂಡೆ ಹತ್ತುವಾಗ ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೇಲಿನವರ ಸೊಂಟದ ಹಗ್ಗ ತುದಿಯ ಕಬ್ಬಿಣದ ಬಳೆಯೊಳಗೆ ಹಾದು ಕೆಳಗಿನವರ ಕೈಗೆ ಬರುತ್ತದೆ. ಆ ಬಳೆಯನ್ನು ಅಮರೇಶ ಬಂಡೆಯ ಹಿಂಬದಿಯ ಇಳಿಜಾರಿನಿಂದ ಹೋಗಿ ಮೊದಲೇ ಬಡಿದಿದ್ದ. ಮೇಲಿನವರು ಜಾರಿದರೆ ಕೆಳಗಿನವರು ಬಿಗಿಹಿಡಿಯಬೇಕು. ಅಷ್ಟೇ ಕೆಲಸ. ಅಮರೇಶ ಬಂಡೆಯ ಬುಡದಲ್ಲಿ ದಪ್ಪ ಹಾಸಿಗೆ ಹಾಸಿ, ಪಂಪಾಪತಿಯ ಕೈಗೆ ಹಗ್ಗ ಕೊಟ್ಟ. ರೇಣುಕಾ ಒಂದಾಳೆತ್ತರ ಹತ್ತಿದಳು. ಹಾಸಿಗೆಯ ಮೇಲೆ ಮೈಬೂಬ್ ಕಾಲು ಚಾಚಿ ಆ ಒಂದೇ ಹಣ್ಣು ಸುಲಿಯುತ್ತಿದ್ದ.

"ಹಗ್ಗ ಪರೀಕ್ಷೆ ಮಾಡ್ತೀನಿ!" ಎಂದು ರೇಣುಕಾ ಹಿಂದಕ್ಕೆ ವಾಲಿದಳು.

ಹಗ್ಗ ಎಳೆಯಿತು. ಎಳೆದ ಕೂಡಲೇ ಪಂಪಾಪತಿ ಕೈ ಬಿಟ್ಟುಬಿಟ್ಟ!

ಧೊಪ್! ಹಾಸಿಗೆಯ ಮೇಲೆ ಮೈಬೂಬ್, ಮೈಬೂಬನ ಮೇಲೆ ರೇಣುಕಾ, ಇಬ್ಬರ ನಡುವೆ ಹಣ್ಣು.

"ನನ್ನ ಬೆನ್ನು!" ಅಂದ ಮೈಬೂಬ್.

"ನೀನು ಇಲ್ಲದಿದ್ರೆ ನನ್ನ ಬೆನ್ನು ಹೋಗ್ತಿತ್ತು!" ಅಂದಳು ರೇಣುಕಾ.

ಅಮರೇಶ ತಲೆ ಚಚ್ಚಿಕೊಂಡ. "ಹಗ್ಗ ಬಿಡಬಾರದಲೇ! ಸಿಡಿಲು ಬಿದ್ರೂ ಬಿಡಬಾರದು! ಹಗ್ಗದ ತುದಿಯಲ್ಲಿ ಇರೋರು ನೆಲಕ್ಕೆ ಬಂದು, ‘ಮುಟ್ಟಿದೆ’ ಅಂತ ಬಾಯಿ ಬಿಟ್ಟು ಹೇಳಬೇಕು. ಅಲ್ಲೀತನಕ ಹಿಡ್ಕೊಂಡೇ ಇರಬೇಕು!"

"ಅಷ್ಟೇ ತಾನೇ ಅಣ್ಣಾ! ಹೇಳಿದ ಹಾಗೇ ಮಾಡ್ತೀನಿ!"

ಸಂಜೆಗೆ ನೀರು ತರಲು ಅವನನ್ನೇ ಹಳ್ಳಿಯ ಬಾವಿಗೆ ಕಳಿಸಿದರು. ಒಂದು ತಾಸಾಯಿತು, ಬರಲಿಲ್ಲ. ಎರಡು ತಾಸಾಯಿತು, ಬರಲಿಲ್ಲ. ಅಮರೇಶ ಓಡಿಹೋಗಿ ನೋಡಿದ. ಬಾವಿಕಟ್ಟೆಯ ಸುತ್ತ ಇಡೀ ಊರಿನ ಹೆಂಗಸರು ಖಾಲಿ ಕೊಡ ಹಿಡಿದು ಕೂಗುತ್ತಿದ್ದಾರೆ. ನಡುವೆ ಪಂಪಾಪತಿ ಹಗ್ಗ ಬಿಗಿಹಿಡಿದು ನಿಂತಿದ್ದಾನೆ. ಹಗ್ಗದ ತುದಿಗೆ ಕಟ್ಟಿದ ತುಂಬಿದ ಕೊಡ ಅವನ ಕಾಲ ಬುಡದಲ್ಲೇ ಇದೆ!

"ಎಷ್ಟೊತ್ತು ನಿಲ್ತೀಯೋ ತಮ್ಮಾ! ಹಗ್ಗ ಬಿಡೋ!" ಎಂದು ಒಬ್ಬ ಮುದುಕಿ ಗದರಿಸಿದಳು.

"ಕೊಡ ಇನ್ನೂ ‘ಮುಟ್ಟಿದೆ’ ಅಂದಿಲ್ಲ ಅಜ್ಜೀ!"

ಮುದುಕಿ ಅವನ ಮುಖ ನೋಡಿದಳು, ಕೊಡ ನೋಡಿದಳು. ಬಗ್ಗಿ ಕೊಡದ ಪಕ್ಕದಲ್ಲೇ ಕೂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಮುಟ್ಟಿದೇ!" ಅಂದಳು. ಪಂಪಾಪತಿ ಕೂಡಲೇ ಹಗ್ಗ ಬಿಟ್ಟ.

"ಪುಣ್ಯಾತ್ಮಾ!" ಅಮರೇಶ ಹಲ್ಲು ಕಡಿದ. "ಕೆಲಸ ಮುಗಿದ ಮೇಲೆ ಹಗ್ಗ ಹಿಡ್ಕೊಂಡು ನಿಲ್ಲೋದಲ್ಲ! ಬಿಚ್ಚಬೇಕು, ಸುತ್ತಬೇಕು, ಚೀಲಕ್ಕೆ ಹಾಕಬೇಕು!"

"ಮೊದಲೇ ಹೇಳಬಾರದೇನಣ್ಣಾ! ಹೇಳಿದ ಹಾಗೇ ಮಾಡ್ತೀನಿ!"

ಭಾನುವಾರ ಸೂರ್ಯ ಇನ್ನೂ ಕೆಂಪಗಿದ್ದ. ಪಂಪಾಪತಿ ಎಲ್ಲರಿಗಿಂತ ಮೊದಲು ಎದ್ದ. ಗುಡಾರದ ಸುತ್ತ ಹಗ್ಗ ಕಂಡವು. ರಾತ್ರಿ ಕಳೆಯಿತು, ಗುಡಾರದ ಕೆಲಸ ಮುಗಿಯಿತಲ್ಲವೇ? ಬಿಚ್ಚಿದ, ಸುತ್ತಿದ, ಚೀಲಕ್ಕೆ ಹಾಕಿದ. ಹಳ್ಳಿಯ ಕಡೆ ನಡೆದ. ಬಾವಿಯ ಹಗ್ಗ ಕಂಡಿತು, ಬಿಚ್ಚಿದ, ಸುತ್ತಿದ, ಚೀಲಕ್ಕೆ ಹಾಕಿದ. ಬಟ್ಟೆ ಒಣಗುವ ಹಗ್ಗ ಕಂಡಿತು, ಅದನ್ನೂ ಹಾಕಿದ. ಹನ್ನೊಂದು ಎಮ್ಮೆ ಕಂಡವು, ಅವುಗಳ ಕೊರಳಿಗೆಲ್ಲ ಹಗ್ಗ!

ಇತ್ತ ಗುಡಾರ ಮೂವರ ಮೇಲೂ ಕುಸಿದಿತ್ತು. ಒಳಗೆ ಮೈಬೂಬ್ ಕೂಗುತ್ತಿದ್ದ, "ಭೂಕಂಪ! ಭೂಕಂಪ!" ಅವರು ತೆವಳಿ ಹೊರಗೆ ಬರುವಷ್ಟರಲ್ಲಿ ಹನ್ನೊಂದು ಎಮ್ಮೆ, ಎಮ್ಮೆಗಳ ಹಿಂದೆ ಇಡೀ ಹಳ್ಳಿ, ಎಲ್ಲರ ಮುಂದೆ ಹಗ್ಗದ ಚೀಲ ಹೊತ್ತ ಪಂಪಾಪತಿ!

"ಅಣ್ಣಾ, ಊರಲ್ಲಿ ಒಂದು ಹಗ್ಗ ಬಿಟ್ಟಿಲ್ಲ ನೋಡು!"

ಎಮ್ಮೆ ಹಿಡಿದು, ಹಗ್ಗ ಹಂಚಿ, ಹಳ್ಳಿಯವರ ಕೈಕಾಲು ಹಿಡಿದು ಮುಗಿಸುವಷ್ಟರಲ್ಲಿ ಬಿಸಿಲೇರಿತು. ಅಮರೇಶ ಈ ಸಲ ಕೂಗಲಿಲ್ಲ. ಸಣ್ಣಗೆ ಹೇಳಿದ: "ಹೋಗಿ ಜೀಪಿನಲ್ಲಿ ಕೂತ್ಕೋ ಪಂಪಾ. ಮನೆಗೆ ಬಿಡ್ತೀವಿ. ಮತ್ತೆ ಬರಬ್ಯಾಡ."

ಪಂಪಾಪತಿಯ ಮುಖ ಸಪ್ಪಗಾಯಿತು. ಬೈಸಿಕೊಂಡು ಅವನಿಗೆ ಅಭ್ಯಾಸವಿತ್ತು, ಈ ಮಾತಿಗೆ ಏನು ಮಾಡಬೇಕೋ ತಿಳಿಯಲಿಲ್ಲ. "ಅಮ್ಮ ಕೇಳ್ತಾಳಣ್ಣಾ, ಮತ್ತೆ ಕರೆದ್ರೇನು ಅಂತ. ಏನು ಹೇಳಲಿ?"

ರೇಣುಕಾ ಹಗ್ಗದ ಸುರುಳಿ ಎತ್ತಿಕೊಂಡಳು. "ಇಷ್ಟು ದೂರ ಬಂದು ಬಂಡೆ ಮುಟ್ಟದೇ ಹೋಗೋದೇನು? ಒಂದು ಸಲ ಹತ್ತಲಿ. ಹಗ್ಗ ನಾನು ಹಿಡೀತೀನಿ." ಅವನ ಸೊಂಟಕ್ಕೆ ಹಗ್ಗ ಬಿಗಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಇದೊಂದೇ ಮಾತು. ಎರಡು ಕೈ, ಎರಡು ಕಾಲು. ನಾಲ್ಕರಲ್ಲಿ ಮೂರು ಯಾವಾಗಲೂ ಊರಿರಬೇಕು. ಒಂದನ್ನ ಮಾತ್ರ ಎತ್ತಬೇಕು. ಏನೇ ಆದ್ರೂ ಮೂರು ಕೆಳಗೆ, ಒಂದು ಮೇಲೆ!"

"ಮೂರು ಕೆಳಗೆ, ಒಂದು ಮೇಲೆ! ಹೇಳಿದ ಹಾಗೇ ಮಾಡ್ತೀನಿ ಅಕ್ಕಾ!"

ಹತ್ತಿದ. ಅಜ್ಜಿಯ ಮಡಿಲು ದಾಟಿದ, ಎದೆ ದಾಟಿದ, ಮೂಗಿನ ಬುಡಕ್ಕೆ ಬಂದ. ಆ ಮೂಗಿನ ಹತ್ತಿರವೇ ಅಮರೇಶ ಮೂರು ವರ್ಷದಿಂದ ಬೀಳುತ್ತಿದ್ದ. ಅಲ್ಲಿ ಎಲ್ಲರೂ ಹಾರಿ ಮೇಲಿನ ಅಂಚು ಹಿಡಿಯಲು ನೋಡುತ್ತಿದ್ದರು, ಹಾರಿದವರೆಲ್ಲ ಜಾರುತ್ತಿದ್ದರು.

"ಹಾರಲೇ ಪಂಪಾ, ಹಾರು!" ಮೈಬೂಬ್ ಕೂಗಿದ.

"ಹಾರಿದ್ರೆ ನಾಲ್ಕೂ ಮೇಲಾಗ್ತವೆ ಮೈಬೂಬಣ್ಣಾ!"

ಹಾರಲಿಲ್ಲ. ಒಂದು ಕಾಲನ್ನು ಮೆಲ್ಲಗೆ ಎತ್ತಿ ತಡಕಿದ. ಬೆರಳಗಲದ ಬಿರುಕು ಸಿಕ್ಕಿತು, ಊರಿದ. ಆಮೇಲೆ ಒಂದು ಕೈ. ಆಮೇಲೆ ಇನ್ನೊಂದು ಕಾಲು. ಬಂಡೆ ಕಾದ ಹೆಂಚಿನಂತೆ ಸುಡುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಲು ಕೈ ಎತ್ತಲಿಲ್ಲ, ಸರದಿ ಕಾಲಿನದಿತ್ತು! ನೋಡಲು ನಿಂತಿದ್ದ ಎಮ್ಮೆಯವರೂ ಉಸಿರು ಬಿಗಿಹಿಡಿದರು. ಮೂಗಿನ ಆಚೆಗೆ ಅವನ ತಲೆ ಮರೆಯಾಯಿತು. ಬೆನ್ನು ಮರೆಯಾಯಿತು. ಹಿಮ್ಮಡಿಯೂ ಮರೆಯಾಯಿತು.

ಅಜ್ಜಿಯ ಬೋಳುತಲೆಯ ಮೇಲಿಂದ ಕೂಗು ಕೇಳಿತು: "ಇನ್ನು ಎಲ್ಲಿಗೆ ಹತ್ತಲಿ ಅಣ್ಣಾ? ಬಂಡೆ ಮುಗೀತು!"

ಅಬ್ಬಾ, ಆ ಗದ್ದಲ! ಮೈಬೂಬ್ ಕುಣಿದ. ಹಳ್ಳಿಯವರು ಸಿಳ್ಳೆ ಹೊಡೆದರು. ಅಮರೇಶ ಎರಡೂ ಕೈ ಎತ್ತಿ ಗಂಟಲು ಹರಿಯುವಂತೆ ಕೂಗಿದ: "ಮುಂದಿನ ಶನಿವಾರ ಬರಬೇಕಲೇ ಪಂಪಾ! ಅದರ ಮುಂದಿನ ಶನಿವಾರವೂ ಬರಬೇಕು!"

ಮೆಲ್ಲಗೆ ಹಗ್ಗ ಬಿಟ್ಟು ಅವನನ್ನು ಕೆಳಗಿಳಿಸಿದರು, ಸೊಂಟದ ಗಂಟು ಬಿಚ್ಚಿದರು. ತಬ್ಬಿಕೊಳ್ಳಲು ಹೋದರೆ ಪಂಪಾಪತಿ ಏಳಲೇ ಇಲ್ಲ. ಎರಡು ಕಾಲು, ಒಂದು ಕೈ ಮರಳಿನಲ್ಲಿ ಊರಿ, ಇನ್ನೊಂದು ಕೈ ಮೇಲೆತ್ತಿ ಜೀಪಿನ ಕಡೆ ಹೊರಟ!

"ಬಂಡೆ ಮುಗೀತಲ್ಲಲೇ, ಎದ್ದು ನಿ..." ಮೈಬೂಬ್ ಬಾಯಿ ತೆರೆದ. ಅಮರೇಶ ಅವನ ಬಾಯಿ ಮುಚ್ಚಿದ.

"ಸುಮ್ನಿರು! ಹೊಸದು ಹೇಳಿದ್ರೆ ಹಳೇದು ಹೋಗತೈತಿ. ಶನಿವಾರ ಇದಕ್ಕಿಂತ ದೊಡ್ಡ ಬಂಡೆ ಹತ್ತೋದೈತಿ!"

ಜೀಪು ಮನೆಯ ಮುಂದೆ ನಿಂತಿತು. ಹುಲಿಗೆಮ್ಮ ಬಾಗಿಲಿಗೆ ಓಡಿ ಬಂದಳು. ಮಗ ಮೂರು ಊರಿ, ಒಂದು ಎತ್ತಿ, ಹೊಸ್ತಿಲು ದಾಟಿದ.

"ಅಮ್ಮಾ! ಮತ್ತೆ ಕರೆದ್ರು!"

"ಶನಿವಾರ ಬೆಳಿಗ್ಗೆ ಐದಕ್ಕೆ ಬರ್ತೀವಿ ಅಮ್ಮಾ. ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲೀತನಕ ಇವನಿಗೆ ಏನೂ ಬುದ್ಧಿ ಹೇಳಬ್ಯಾಡ್ರಿ!" ಎಂದ ಅಮರೇಶ.

ಹುಲಿಗೆಮ್ಮ ಮಗನನ್ನು ನೋಡಿದಳು. ಇಪ್ಪತ್ತಮೂರು ವರ್ಷದ ಬೈಗುಳ ಗಂಟಲತನಕ ಬಂತು. ನುಂಗಿಕೊಂಡಳು. ಕಣ್ಣೊರೆಸಿಕೊಂಡು, ಊಟದ ತಟ್ಟೆಯನ್ನು ಅವನ ಎತ್ತಿದ ಕೈಗೆ ಎಟುಕುವ ಹಾಗೆ ಇಟ್ಟಳು.

ಸೋಮವಾರ ಬೆಳಿಗ್ಗೆ ಗಿರಣಿಯ ದಾರಿ. ಬೆನ್ನ ಮೇಲೆ ಅಕ್ಕಿಯ ಮೂಟೆ ಹೊತ್ತು ಪಂಪಾಪತಿ ಹೋಗುತ್ತಿದ್ದಾನೆ, ಮೂರು ಕೆಳಗೆ, ಒಂದು ಮೇಲೆ. ಅವನ ಮುಂದೆ ಹುಲಿಗೆಮ್ಮ ಸೌಟು ಬೀಸುತ್ತ ದಾರಿ ಬಿಡಿಸುತ್ತಿದ್ದಾಳೆ:

"ಸರೀರಿ, ಸರೀರಿ! ಶನಿವಾರದತನಕ ನನ್ನ ಮಗನಿಗೆ ಯಾರಾದ್ರೂ ನೆಟ್ಟಗೆ ನಡಿ ಅಂದ್ರೆ ನೋಡಿ ಮತ್ತೆ!"