ಸಹಿಗಾಗಿ ಬೆಟ್ಟ ಹತ್ತಿದ ಸಾಹೇಬರು

ಫ್ರಾನ್ಸಿನ ಪಿರೆನೀಸ್ ಬೆಟ್ಟದ ಬುಡದಲ್ಲಿ ನಲವತ್ತೊಂದು ಜನರ ಒಂದು ಊರು. ಅಲ್ಲಿನ ಪಂಚಾಯಿತಿ ಕಚೇರಿಯನ್ನು ಮುಚ್ಚಿಸಲು ಜಿಲ್ಲೆಯ ದೊಡ್ಡ ಸಾಹೇಬರು ಹೊಳೆಯುವ ಬೂಟು ಹಾಕಿಕೊಂಡು ಬಂದರು.

“ಇನ್ನು ನಿಮ್ಮ ಮುದುಕರೆಲ್ಲ ಪಟ್ಟಣದ ಕಚೇರಿಗೇ ಬರಲಿ. ಬಸ್ಸಿಲ್ಲದಿದ್ದರೆ ನಡೆಯಲಿ. ಏನು ಮಹಾ ದೂರ?”

“ಅಲ್ಲವೇ ಮತ್ತೆ!” ಎಂದಳು ಗುಮಾಸ್ತೆ ಓಡೆಟ್. “ಈ ಆದೇಶಕ್ಕೆ ನಮ್ಮೂರ ಮೇಯರ್ ಸಹಿ ಬೇಕು ಸ್ವಾಮಿ. ಬೇಸಿಗೆಯಲ್ಲಿ ಅವರು ಕುರಿಗಳ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿರುತ್ತಾರೆ. ತಮ್ಮಂಥವರಿಗೆ ಏನು ಮಹಾ ದೂರ?”

ಅದು ಕಾರು ಹೋಗುವ ದಾರಿಯಲ್ಲ. ಸಾಹೇಬರು ಅರ್ಧ ಬೆಟ್ಟ ಹತ್ತಿ, ಬೂಟು ಕೈಯಲ್ಲಿ ಹಿಡಿದು, ಕುಂಟುತ್ತಾ ಇಳಿದು ಬಂದರು. ಊರ ನೀರಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕಡತದಲ್ಲಿ ಬರೆದರು: ‘ಜನರನ್ನು ಇಷ್ಟು ದೂರ ನಡೆಸುವುದು ಅಮಾನವೀಯ. ಕಚೇರಿ ಇಲ್ಲೇ ಮುಂದುವರಿಯಲಿ.’

ಆಮೇಲೆ ಹೆದರುತ್ತಾ ಕೇಳಿದರು, “ಇದಕ್ಕೂ ಮೇಯರ್ ಸಹಿ ಬೇಕೇನಮ್ಮಾ?”

“ಛೆ, ಬೇಡ ಸ್ವಾಮಿ,” ಎಂದು ಓಡೆಟ್ ಮುದ್ರೆ ಒತ್ತಿದಳು. “ಇದಕ್ಕೆ ನಾನೇ ಸಾಕು.”