ಜೋಳಿಗೆಗೆ ಬಿದ್ದ ದಾಖಲೆ

ಬೆಣಚಿನಮಟ್ಟಿಯ ಮಠಕ್ಕೆ ಆಗ ಶಿಖರವಿರಲಿಲ್ಲ. ಮೂರು ಅಂಕಣದ ಮಣ್ಣಿನ ಮನೆ, ಅಂಗಳದಲ್ಲೊಂದು ಬೇವು, ಗೂಟದಲ್ಲೊಂದು ಕಾವಿ ಜೋಳಿಗೆ. ಪ್ರತಿ ಸೋಮವಾರ ಆ ಜೋಳಿಗೆ ಪೂಜ್ಯ ಪರ್ವತಲಿಂಗ ಸ್ವಾಮಿಗಳ ಹೆಗಲೇರಿ ಊರು ಸುತ್ತುತ್ತಿತ್ತು. ಬಾಗಿಲಲ್ಲಿ ನಿಂತರೆಂದರೆ ಏನಾದರೂ ಬೀಳುವವರೆಗೆ ಪೂಜ್ಯರು ಕದಲುತ್ತಿರಲಿಲ್ಲ. ಬಿದ್ದದ್ದನ್ನು ಯಾರೂ ಮರಳಿ ಕೇಳುವಂತಿರಲಿಲ್ಲ.

ಹತ್ತಿ ಮಿಲ್ಲಿನ ಹಿಂದಿನ ಓಣಿಯ ದುಂಡವ್ವನಿಗೆ ಹದಿನೇಳು ವರ್ಷ. ಎಂಟನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿ ತಾಯಿ ಅವಳನ್ನು ಗೋವಾಕ್ಕೆ ದುಡಿಯಲು ಕರೆದೊಯ್ದಿದ್ದಳು. ತಿರುಗಿ ಬರುವಷ್ಟರಲ್ಲಿ ಓರಗೆಯವರೆಲ್ಲ ಮುಂದೆ ಹೋಗಿದ್ದರು. ಸಣ್ಣ ಮಕ್ಕಳ ಜೊತೆ ಕೂಡ್ರಲು ನಾಚಿಕೆ. ಕೆಲಸ ಕೇಳಿದರೆ, ಓದಿಲ್ಲವಲ್ಲ ಎನ್ನುವ ಮಾತು. ಹೀಗಾಗಿ ಕಟ್ಟೆಯ ಮೇಲೆ ಕುಳಿತು ದಾರಿಹೋಕರನ್ನು ಕೆಣಕುವುದೇ ಅವಳ ಉದ್ಯೋಗವಾಗಿತ್ತು.

ಒಂದು ಸೋಮವಾರ ಪೂಜ್ಯರು ಆ ಬಾಗಿಲಿಗೆ ದಯಮಾಡಿಸಿದರು.

“ಜ್ವಾಳ ತೀರ್ಯಾವ ಅಜ್ಜಾರ. ಮುಂದಿನ ಮನಿ ನೋಡ್ರಿ,” ಎಂದಳು.

ಪೂಜ್ಯರು ನಿಂತೇ ಇದ್ದರು. ಓಣಿಯ ಹೆಂಗಸರೆಲ್ಲ ಹೊರಗೆ ಬಂದು ನೋಡತೊಡಗಿದರು. ಸಿಟ್ಟಿಗೆದ್ದ ದುಂಡವ್ವ ಟ್ರಂಕಿನ ತಳದಲ್ಲಿದ್ದ ಶಾಲೆ ಬಿಟ್ಟ ದಾಖಲೆಯನ್ನು ತಂದು ಜೋಳಿಗೆಗೆ ಒಗೆದಳು. “ತಗೋರಿ. ಮಠದ ಒಲಿಗರೆ ಆಗಲಿ.”

ಪೂಜ್ಯರು ಆ ಹಾಳೆಯನ್ನು ಬಿಡಿಸಿ ಓದಿದರು, ಹಣೆಗೊತ್ತಿಕೊಂಡರು. “ಜೋಳಿಗಿಗೆ ಬಿದ್ದದ್ದು ಮಠದ್ದಾತು ತಂಗಿ. ಇನ್ನ ನಿನ್ನ ಓದು ನಿಂದಲ್ಲ. ಅದನ್ನ ಕೆಡಿಸಾಕ ನಿನಗ ಹಕ್ಕಿಲ್ಲ. ನಡಿ.”

ತನಗೇ ಬೇಡವಾದ ಕಾಗದ ಅಂಥವರ ಹಣೆಗೇರಿದ್ದನ್ನು ಕಂಡು ಅವಳು ಬಾಗಿಲೆಳೆದುಕೊಂಡಳು. ಅವರ ಹಿಂದೆ ನಡೆದಳು.

ಹೈಸ್ಕೂಲಿನ ಹೆಡ್‌ಮಾಸ್ತರರ ಮುಂದೆ ದಾಖಲೆಯನ್ನಿಟ್ಟು ಪೂಜ್ಯರು ಮುಂಜಾನೆ ಎರಡು ತಾಸಿನ ಪಾಠ ಬೇಡಿದರು. ಹತ್ತನೆಯ ಪರೀಕ್ಷೆಗೆ ಅವಳನ್ನು ಹೊರಗಿನ ವಿದ್ಯಾರ್ಥಿನಿಯಾಗಿ ಕಟ್ಟಿಸುವುದೆಂದು ಹೆಡ್‌ಮಾಸ್ತರರು ಒಪ್ಪಿದರು. ಅಲ್ಲಿಂದ ಹೋದದ್ದು ಖಾಜೇಸಾಬರ ಅಂಗಡಿಗೆ. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದರಲ್ಲಿ ಸುತ್ತಣ ಊರುಗಳಲ್ಲಿ ಅವರದೇ ಹೆಸರು. ಚೀಲ ಜೋಳ ಬೇಕಾದರೆ ಈಗಲೇ ಹೊರಿಸುತ್ತೇನೆ, ಕೆಲಸ ಕಲಿಸುವ ಮಾತು ಮಾತ್ರ ಬೇಡ ಎಂದರು ಖಾಜೇಸಾಬರು. ಮೊದಲು ಕಲಿಸಿದ ಇಬ್ಬರೂ ಅರ್ಧಕ್ಕೇ ಓಡಿಹೋಗಿದ್ದರು, ಇವಳಂತೂ ಹುಡುಗಿ.

ಪೂಜ್ಯರು ವಾದಿಸಲಿಲ್ಲ. ಜೋಳಿಗೆಯ ಬಾಯಿ ತೆರೆದು ಬಿಸಿಲಲ್ಲಿ ನಿಂತರು. ಎಷ್ಟೋ ಹೊತ್ತಿನ ಮೇಲೆ ಆ ಮುಪ್ಪಿನ ಕಾಲುಗಳು ನಡುಗತೊಡಗಿದವು. ಅದನ್ನು ಮೊದಲು ಕಂಡವಳು ದುಂಡವ್ವ.

“ಸಾಹೇಬ್ರ, ನಾ ಓಡಿಹೋಗೂದಿಲ್ರಿ,” ಎಂದಳು. “ಮೊದಲ ಅಜ್ಜಾರನ್ನ ಕೂಡ್ರಸ್ರಿ.”

ಖಾಜೇಸಾಬರು ಅವಳ ಮುಖವನ್ನೊಮ್ಮೆ ನೋಡಿದರು. ಒಳಗೆ ಹೋಗಿ ಎರಡು ಸ್ಟೂಲು ತಂದು, ಒಂದನ್ನು ಪೂಜ್ಯರಿಗೆ, ಇನ್ನೊಂದನ್ನು ಅವಳಿಗೆಂದು ಮೋಟಾರಿನ ಮುಂದೆ ಇಟ್ಟರು.

ಪೂಜ್ಯರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಬೇವು ಹೋಗಿದೆ, ಮಣ್ಣಿನ ಗೋಡೆ ಇದ್ದಲ್ಲಿ ಕಲ್ಲಿನ ಕಂಬಗಳು ಬಂದಿವೆ. ಖಾಜೇಸಾಬರ ಅಂಗಡಿಯನ್ನು ಈಗ ನಡೆಸುವವರು ದುಂಡವ್ವನವರು. ಸೋಮವಾರ ಈಗಿನ ಸ್ವಾಮಿಗಳ ಜೋಳಿಗೆ ಬಂದರೆ ಜೋಳ ಹಾಕಿ, ಕೈಮುಗಿದು, ಒಂದೇ ಮಾತು ಕೇಳುತ್ತಾರೆ:

“ಒಂದು ಸ್ಟೂಲು ಖಾಲಿ ಐತ್ರಿ. ಯಾರದರೆ ದಾಖಲಿ ಬಿದ್ದೈತೇನ್ರಿ?”