ಗಡಿಕಲ್ಲಿನ ಎರಡನೆಯ ಗೆರೆ

“ರುಜುವಾತಿಲ್ಲದೆ ನಾನು ಏನನ್ನೂ ಒಪ್ಪುವವನಲ್ಲ!” ಎಂದು ನೀಲಮೇಘ ಶಾಸ್ತ್ರಿಗಳು ಕೆಂಗಲ್ಲುದುರ್ಗದ ಆಸ್ಥಾನದಲ್ಲಿ ತೊಡೆ ತಟ್ಟಿದ್ದೇ ತಡ, ಪಾಳೆಯಗಾರ ಬೊಮ್ಮರಸ ನಾಯಕರಿಗೆ ಹೊಸ ಹುಚ್ಚು ಹಿಡಿಯಿತು. ಶಾಸ್ತ್ರಿಗಳಿಗೆ ಜೋಡಿ ಶಾಲು ಹೊದಿಸಿದರು. ಮಜ್ಜಿಗೆ ತಂದವನನ್ನು ತಡೆದು, “ಇದು ಮಜ್ಜಿಗೆಯೇ ಅನ್ನುವುದಕ್ಕೆ ಏನು ರುಜುವಾತು?” ಎಂದು ಕೇಳಿದರು. ಪಾಪ, ಅವನು ಉತ್ತರ ಹುಡುಕುವಷ್ಟರಲ್ಲಿ ಮಜ್ಜಿಗೆ ಹುಳಿಯಾಗಿತ್ತು.

ಆಸ್ಥಾನದ ವಿನೋದಗಾರ ಅಲ್ಲಾಳಯ್ಯನಿಗೆ ಇದೆಲ್ಲ ಬಿಟ್ಟಿ ತಮಾಷೆಯಾಗಿತ್ತು. ಆದರೆ ಒಂದು ದಿನ ಪುಟ್ಟೀರಮ್ಮ ಅಳುತ್ತ ಆಸ್ಥಾನಕ್ಕೆ ಬಂದಳು.

ಪುಟ್ಟೀರಮ್ಮ ಮಲ್ಲಿಗೆ ಬೆಳೆದು ಮಾರುವ ವಿಧವೆ. ಅವಳ ತೋಟದ ಪಕ್ಕದಲ್ಲೇ ಹಾಲಪ್ಪನ ಮನೆ. ನಡುವೆ ಎರಡು ಗಡಿಕಲ್ಲು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಗ್ಗ ಬಿಗಿದು ಗಡಿ ನೋಡುವುದು ಆ ಸೀಮೆಯ ಪದ್ಧತಿ. ದಳವಾಯಿಗಳ ಬಾಮೈದನೆಂಬ ಧಿಮಾಕಿನ ಹಾಲಪ್ಪ ಕಲ್ಲುಗಳನ್ನು ಮುಟ್ಟಿರಲಿಲ್ಲ. ಈ ಕಲ್ಲಿನಿಂದ ಆ ಕಲ್ಲಿಗೇ ಬೇಲಿ ಹಾಕಿಸಿದ್ದ. ನಡುವೆ ಮಾತ್ರ ಆ ಬೇಲಿ ಹೊಟ್ಟೆ ಬಿಟ್ಟುಕೊಂಡು ಪುಟ್ಟೀರಮ್ಮನ ಬಾವಿಯನ್ನು ನುಂಗಿಹಾಕಿತ್ತು.

“ಬಾವಿ ಹೋದ್ರೆ ಬಳ್ಳಿ ಒಣಗ್ತವೆ ಬುದ್ಧೀ. ಆಮೇಲೆ ನಾನೇನು ಮಣ್ಣು ತಿನ್ಲಾ?” ಎಂದಳು ಪುಟ್ಟೀರಮ್ಮ.

“ನನ್ನ ಬೇಲಿ ನೆಟ್ಟಗೇ ಐತೆ. ಸೊಟ್ಟ ಅನ್ನೋರು ರುಜುವಾತು ಕೊಡ್ಲಿ,” ಎಂದ ಸಭೆಗೆ ಕರೆಸಿದ್ದ ಹಾಲಪ್ಪ, ಮೀಸೆ ತಿರುವುತ್ತ.

ಅಲ್ಲಾಳಯ್ಯ ಎದ್ದು ನಿಂತ. “ಪ್ರಭು, ಹಗ್ಗ ಬಿಗಿಸಿ ನೋಡಿ. ಮುಗಿದೇ ಹೋಯಿತು.”

“ಹೇಗೆ ಮುಗಿಯುತ್ತದೆ?” ಶಾಸ್ತ್ರಿಗಳು ಶಾಲು ಸರಿಪಡಿಸಿಕೊಂಡರು. “ನಿಮ್ಮ ಹಗ್ಗ ಒಂದು ನೇರ ಗೆರೆಯನ್ನು ತೋರಿಸುತ್ತದೆ. ಅದೇ ಕಲ್ಲುಗಳ ನಡುವೆ ಇನ್ನೊಂದು ನೇರ ಗೆರೆ ಇಲ್ಲವೇ ಇಲ್ಲ ಅನ್ನುವುದಕ್ಕೆ ರುಜುವಾತು ಎಲ್ಲಿ?”

ಅಲ್ಲಾಳಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇದನ್ನು ಯಾವುದರಿಂದ ಸಾಧಿಸುವುದು? ಯಾವ ವಾದ ಹೂಡಿದರೂ ಅದರ ಬುಡದಲ್ಲಿ ನೇರ ಗೆರೆ ಒಂದೇ ಅನ್ನುವ ಇದೇ ಮಾತು ಕೂತಿರುತ್ತಿತ್ತು! ಹಾಲಪ್ಪ ಕಿಸಕ್ಕನೆ ನಕ್ಕಾಗ ಅಲ್ಲಾಳಯ್ಯನ ಮೈಯೆಲ್ಲ ಉರಿದುಹೋಯಿತು.

“ನಾಳೆ ಮಧ್ಯಾಹ್ನದೊಳಗೆ ರುಜುವಾತು ಬರಲಿ. ಇಲ್ಲದಿದ್ದರೆ ಬಾವಿ ಹಾಲಪ್ಪನದೇ,” ಎಂದರು ನಾಯಕರು.

ಅಲ್ಲಾಳಯ್ಯ ಇದ್ದಕ್ಕಿದ್ದಂತೆ ಮೆತ್ತಗಾದ. “ಶಾಸ್ತ್ರಿಗಳು ಹೇಳಿದ್ದೇ ಸರಿ. ಎರಡು ಕಲ್ಲಿನ ನಡುವೆ ಬೇಕಾದಷ್ಟು ನೇರ ಗೆರೆ ಇರಬಹುದು. ಯಾರು ಎಳೆದರೂ ಅದು ಗಡಿಯೇ. ಅಲ್ಲ ಅನ್ನುವವರು ರುಜುವಾತು ಕೊಡಬೇಕು. ಹೌದು ತಾನೆ?”

“ಹೌದು ಹೌದು!” ಎಂದು ಶಾಸ್ತ್ರಿಗಳು ತಲೆದೂಗಿದರು. ನಾಯಕರೂ ಹೂಂಗುಟ್ಟಿದರು. ಎಲ್ಲರಿಗಿಂತ ಜೋರಾಗಿ ಹೌದೆಂದವನು ಹಾಲಪ್ಪ.

ಮರುದಿನ ಸಭೆ ಸೇರುವಷ್ಟರಲ್ಲಿ ಹಾಲಪ್ಪ ಪೇಟವಿಲ್ಲದೆ ಓಡಿಬಂದ. ಹಿಂದೆಯೇ ಅಲ್ಲಾಳಯ್ಯ ಬಂದ, ಕೈಯೆಲ್ಲ ಕೆಮ್ಮಣ್ಣು.

“ಅನ್ಯಾಯ ಬುದ್ಧೀ! ಈವಯ್ಯ ಗಡಿಕಲ್ಲಿಗೆ ಹಗ್ಗ ಕಟ್ಟಿ ನನ್ನ ತಲೆಬಾಗಿಲೊಳಕ್ಕೆ ತಂದವ್ನೆ! ನಡುಮನೆ ದಾಟಿಸಿ, ಅಡುಗೆಮನೆ ಒಳಗೆ ಹಾಯಿಸಿ, ಹಿತ್ತಿಲಿಂದ ಆ ಕಲ್ಲಿಗೆ ಬಿಗಿದವ್ನೆ. ಹಗ್ಗದ ಗುಂಟ ಕೆಮ್ಮಣ್ಣಿನ ಗೆರೆ ಎಳೆದು, ಗೆರೆಯಿಂದಾಚೆ ಎಲ್ಲಾ ಪುಟ್ಟೀರಮ್ಮಂದು ಅಂತಾವ್ನೆ!”

“ಪುಟ್ಟೀರಮ್ಮ ಎಲ್ಲಿ?” ಎಂದು ನಾಯಕರು ಕೇಳಿದರು.

“ನನ್ನ ಒಲೆ ಮುಂದೆ ಕೂತು ಮುದ್ದೆ ತೊಳಸ್ತಾವ್ಳೆ!”

“ಅವಳ ಒಲೆ,” ಎಂದು ಅಲ್ಲಾಳಯ್ಯ ತಿದ್ದಿದ. “ಅವಳಿಗೆ ಹಾಲಪ್ಪನವರ ಮೇಲೆ ಕೋಪವಿಲ್ಲ ಪ್ರಭು. ಸಾರು ಅವರ ಕಡೆ ಇದೆ, ಸ್ವಲ್ಪ ದಾಟಿಸಿ ಕೊಟ್ಟರೆ ಸಾಕು ಅಂತಾಳೆ.”

“ಆ ಗೆರೆ ಸೊಟ್ಟ ಐತೆ!” ಎಂದು ಹಾಲಪ್ಪ ಕೂಗಿದ.

“ಇರಬಹುದು. ರುಜುವಾತು?”

“ಶಾಸ್ತ್ರಿಗಳೇ, ನೀವಾದ್ರೂ ಹೇಳಿ ಸ್ವಾಮಿ!”

ಶಾಸ್ತ್ರಿಗಳು ಸೂರು ನೋಡಿದರು, ನೆಲ ನೋಡಿದರು. ಬೇರೆ ನೋಡುವುದಕ್ಕೆ ಏನೂ ಉಳಿಯಲಿಲ್ಲ.

ಹಾಲಪ್ಪನ ತಾಳ್ಮೆ ಕಿತ್ತುಹೋಯಿತು. “ಅದಕ್ಕೆ ರುಜುವಾತು ಯಾಕ್ರೀ ಬೇಕು! ಎರಡು ಕಲ್ಲಿನ ಮಧ್ಯೆ ನೆಟ್ಟನೆ ಗೆರೆ ಅನ್ನೋದು ಇರೋದೇ ಒಂದು! ಹಾಲು ಕುಡಿಯೋ ಮಗೂನೂ ಒಪ್ಪುತ್ತೆ!”

ಮಾತು ಬಾಯಿಂದ ಜಾರಿದ ಮೇಲೆ ಹಾಲಪ್ಪ ಬಾಯಿಗೆ ಕೈ ಅಡ್ಡ ಹಿಡಿದ.

ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಲಿ ಕೀಳಿಸಿ ಬಾವಿಯನ್ನು ಪುಟ್ಟೀರಮ್ಮನಿಗೆ ಬಿಡಿಸಿದರು, ತಮ್ಮ ಹೆಗಲ ಮೇಲಿದ್ದ ಶಾಲನ್ನು ಅಲ್ಲಾಳಯ್ಯನಿಗೆ ಹೊದಿಸಿದರು.

ಶಾಸ್ತ್ರಿಗಳು ಮಾತ್ರ ಸುಮ್ಮನಾಗಲಿಲ್ಲ. “ಆದರೂ ಗೆರೆ ಒಂದೇ ಅನ್ನುವುದು ಸಿದ್ಧವಾಗಲಿಲ್ಲವಲ್ಲ!”

“ಆಗುವುದೂ ಇಲ್ಲ ಸ್ವಾಮಿ. ಚೌಕಾಬಾರದಲ್ಲಿ ಕವಡೆ ಹಾಕುವ ಮುಂಚೆಯೇ ಕಾಯಿ ಕಡಿಯಬಾರದ ಕಟ್ಟೆ ಯಾವುದು ಅಂತ ಒಪ್ಪಿಕೊಳ್ಳುವುದಿಲ್ಲವೆ? ಹಾಗೇ ಇದೂ. ಮೊದಲು ಇಂಥ ನಾಲ್ಕು ಮಾತು ಒಪ್ಪಬೇಕು, ಉಳಿದದ್ದನ್ನೆಲ್ಲ ಅವುಗಳ ಮೇಲೆ ಸಾಧಿಸಬೇಕು.”

“ಯಾವುದನ್ನು ರುಜುವಾತಿಲ್ಲದೆ ಒಪ್ಪಬೇಕು ಅಂತ ಗೊತ್ತಾಗುವುದು ಹೇಗಯ್ಯಾ?”

ಅಲ್ಲಾಳಯ್ಯ ಕೈಯ ಕೆಮ್ಮಣ್ಣು ಝಾಡಿಸಿಕೊಂಡ.

“ಬಹಳ ಸುಲಭ. ಒಪ್ಪುವುದಿಲ್ಲ ಅನ್ನುವವರ ಅಡುಗೆಮನೆಯೊಳಗೆ ಒಂದು ಗೆರೆ ಎಳೆದು ನೋಡಬೇಕು. ಅಂದಹಾಗೆ, ತಮ್ಮ ಮನೆ ಎಲ್ಲಿ ಬರುತ್ತದೆ ಶಾಸ್ತ್ರಿಗಳೇ?”